ಮಂಗಳೂರಿನ ಅಪಘಾತ ಪುನರ್‌ರಚನಾ ಸೇವೆ: ವಕೀಲನೊಬ್ಬನ ಅಭಿಪ್ರಾಯ

ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಗಾಯಾಳುಗಳ ಪರವಾಗಿ ವಾದಿಸುವವರು ಘಟನೆ ನಡೆದ ಬಗೆಯನ್ನು ಸಾಮಾನ್ಯವಾಗಿ ಎಫ್‌ಐಆರ್, ಮಹಜರಿನ ಕೈನಕ್ಷೆ ಮತ್ತು ಮೋಟಾರು ವಾಹನ ನಿರೀಕ್ಷಕರ ವರದಿಯಿಂದಲೇ ಊಹಿಸಿಕೊಳ್ಳಬೇಕಾಗುತ್ತದೆ. ಡಿಕ್ಕಿಯನ್ನು ಭೌತಶಾಸ್ತ್ರದ ಆಧಾರದಲ್ಲಿ ಪುನರ್‌ರಚಿಸಿ ವರದಿ ಕೊಡುವ ಮಂಗಳೂರಿನ ಎಂಜಿನಿಯರುಗಳ ಸಣ್ಣ ಕಚೇರಿಯೊಂದಕ್ಕೆ ನಾನು ಇತ್ತೀಚೆಗೆ ಒಂದು ಪ್ರಕರಣವನ್ನು ಒಪ್ಪಿಸಿದ್ದೆ. ಅವರ ಕೆಲಸ ನನ್ನ ನಿರೀಕ್ಷೆಯನ್ನು ಮೀರಿಸಿತು.

ಪಡುಬಿದ್ರಿ ಮತ್ತು ಕಾಪು ನಡುವೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ರಾತ್ರಿ ಹೊತ್ತು, ಉಡುಪಿಯ ಕಡೆಗೆ ಹೋಗುತ್ತಿದ್ದ ನನ್ನ ಕಕ್ಷಿದಾರರ ಬೈಕಿಗೂ ಡಿವೈಡರಿನ ತೆರವಿನಲ್ಲಿ ಯು ಟರ್ನ್ ತೆಗೆದುಕೊಳ್ಳುತ್ತಿದ್ದ ಕಾರಿಗೂ ಡಿಕ್ಕಿಯಾಗಿತ್ತು. ಬೈಕ್ ಗಂಟೆಗೆ 80 ಕಿ.ಮೀ. ವೇಗದಲ್ಲಿತ್ತು, ಹೆಡ್‌ಲೈಟ್ ಉರಿಯುತ್ತಿರಲಿಲ್ಲ, ನಿಂತಿದ್ದ ಕಾರಿಗೆ ಸವಾರರೇ ಬಂದು ಗುದ್ದಿದರು ಎಂಬುದು ಎದುರು ಪಕ್ಷದ ವಾದವಾಗಿತ್ತು.

ವೇಗದ ಲೆಕ್ಕವನ್ನು ಕಚೇರಿಯವರು ಬಿಡಿಸಿದ ರೀತಿಯನ್ನು ನಾನು ಮೊದಲು ಮೆಚ್ಚಬೇಕು. ರಸ್ತೆಯ ಮೇಲೆ 20 ಮೀಟರ್ ಉದ್ದದ ಬ್ರೇಕ್ ಗುರುತು ಇತ್ತು. ಒಣ ಡಾಂಬರಿನ ಮೇಲೆ ನಾಲ್ಕೂ ಚಕ್ರ ಬಿಗಿದ ಕಾರಿಗೆ ಅನ್ವಯಿಸುವ 0.7 ಘರ್ಷಣಾಂಕವನ್ನು (ಚಕ್ರಕ್ಕೆ ರಸ್ತೆ ಒಡ್ಡುವ ತಡೆಯ ಅಳತೆ) ಬಳಸಿದರೆ ಇದಕ್ಕೆ ಸುಮಾರು 60 ಕಿ.ಮೀ. ಸಿಗುತ್ತದೆ. ಎದುರು ಪಕ್ಷದವರು ಅದಕ್ಕೆ ಡಿಕ್ಕಿಯ ಕ್ಷಣದ 20 ಕಿ.ಮೀ. ಸೇರಿಸಿ 80 ಎಂದಿದ್ದರು. ಆದರೆ ಬ್ರೇಕ್ ಹಾಕಿದಾಗ ಚಕ್ರ ಬಿಗಿಯದಂತೆ ನೋಡಿಕೊಳ್ಳುವ ಎಬಿಎಸ್ ಇಲ್ಲದ ಈ ಬೈಕಿನ ಹಿಂದಿನ ಚಕ್ರ ಮಾತ್ರ ಬಿಗಿದಿತ್ತು. ಆಗ ಸಿಗುವ ತಡೆ ಸುಮಾರು 0.35ರಿಂದ 0.45 ಮಾತ್ರ. ಇದರ ಮಧ್ಯದ 0.4ಕ್ಕೆ ಸಿಗುವ ವೇಗ ಸುಮಾರು 45 ಕಿ.ಮೀ. ಇನ್ನು ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ವೇಗಗಳ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆಯಬೇಕು; ಬ್ರೇಕಿನಲ್ಲಿ ಕಳೆದುಹೋದ 45ಕ್ಕೆ ಉಳಿದಿದ್ದ 20ನ್ನು ಕೂಡಿಸಿದರೆ 65 ಆಗುವುದಿಲ್ಲ, ಸುಮಾರು 49 ಆಗುತ್ತದೆ. ಅವರು ಅಷ್ಟಕ್ಕೇ ನಿಲ್ಲದೆ, ಎಲ್ಲ ಅನಿಶ್ಚಿತತೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು 45ರಿಂದ 54 ಎಂಬ ವ್ಯಾಪ್ತಿಯನ್ನು ಬರೆದರು. ಒಂದೇ ಅಂಕಿಯನ್ನು ಖಡಾಖಂಡಿತವಾಗಿ ಹೇಳುವ ತಜ್ಞರಿಗಿಂತ ಇಂಥವರನ್ನು ನಾನು ಹೆಚ್ಚು ನಂಬುತ್ತೇನೆ.

ಹೆಡ್‌ಲೈಟಿನ ಪ್ರಶ್ನೆಗೆ ಉತ್ತರ ಬಲ್ಬಿನೊಳಗೇ ಇತ್ತು. ಉರಿಯುತ್ತಿರುವ ಬಲ್ಬಿನ ಟಂಗ್‌ಸ್ಟನ್ ತಂತಿ ಕಾದು ಮೆತ್ತಗಿರುವುದರಿಂದ ಆಘಾತಕ್ಕೆ ಎಳೆದುಕೊಂಡು ಡೊಂಕಾಗುತ್ತದೆ; ಆರಿರುವ ತಂತಿ ಗಡುಸಾಗಿರುವುದರಿಂದ ತುಂಡಾದರೂ ಸುರುಳಿಯ ಆಕಾರ ಕೆಡುವುದಿಲ್ಲ. ಭೂತಗನ್ನಡಿಯಡಿ ತೆಗೆದ ಛಾಯಾಚಿತ್ರದಲ್ಲಿ ಸುರುಳಿಯು ಒಂದು ಬದಿಗೆ ಜಗ್ಗಿ, ಅದರ ಸುತ್ತುಗಳು ಬಿಚ್ಚಿಕೊಂಡಿದ್ದುದನ್ನು ನಾನೇ ನೋಡಿದೆ. ಎಲ್‌ಇಡಿ ದೀಪದಲ್ಲಿ ಈ ಸಾಕ್ಷ್ಯ ಸಿಗುವುದಿಲ್ಲ. 2014ರ ಮಾದರಿಯ ಈ ಬೈಕಿನಲ್ಲಿ ಹ್ಯಾಲೋಜನ್ ಬಲ್ಬ್ ಇದ್ದುದು ನಮ್ಮ ಪುಣ್ಯ.

ಗಾಯದ ವಿಶ್ಲೇಷಣೆಯೂ ಇಷ್ಟೇ ಎಚ್ಚರದ್ದು. ನಿಂತ ಕಾರಿಗೆ ಬೈಕ್ ಮೂತಿಯಿಂದ ಗುದ್ದಿದ್ದರೆ ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಹಿಂದಕ್ಕೆ ಬಾಗಬೇಕಿತ್ತು, ಸವಾರರು ಮುಂದಕ್ಕೆ ಎಸೆಯಲ್ಪಟ್ಟು ತೊಡೆಸಂದು, ಮುಖ ಅಥವಾ ಮಣಿಕಟ್ಟುಗಳಿಗೆ ಪೆಟ್ಟಾಗುವ ಸಂಭವ ಹೆಚ್ಚಿತ್ತು. ಇಲ್ಲಿ ಫೋರ್ಕ್ ನೆಟ್ಟಗಿತ್ತು, ಬಲ ಫುಟ್‌ರೆಸ್ಟ್ ಒಳಕ್ಕೆ ಮಡಚಿತ್ತು, ಬಲಗಾಲಿನ ಮೊಣಕಾಲಿನ ಕೆಳಗಿನ ಮೂಳೆ ಬಂಪರಿನ ಎತ್ತರದಲ್ಲೇ ಮುರಿದಿತ್ತು. ಎಕ್ಸ್‌ರೇಯಲ್ಲಿ ಕಾಣುವ ತ್ರಿಕೋನಾಕಾರದ ಮೂಳೆ ತುಣುಕಿನ ಬುಡ ಪೆಟ್ಟು ಬಿದ್ದ ಬದಿಗೂ ತುದಿ ಬಲ ಸಾಗಿದ ದಿಕ್ಕಿಗೂ ಇರುವುದು ರೂಢಿ. ಬಲದಿಂದ ಎಡಕ್ಕೆ ಎಂಬುದನ್ನೇ ಅದು ಸೂಚಿಸುತ್ತಿತ್ತು. ಈ ಗುರುತು ಕೆಲವೊಮ್ಮೆ ದಾರಿ ತಪ್ಪಿಸಬಹುದು, ಆದ್ದರಿಂದ ವಾಹನದ ಹಾನಿಯೊಂದಿಗೆ ಹೊಂದಿಸಿಯೇ ಇದನ್ನು ಪರಿಗಣಿಸಬೇಕು ಎಂದು ವರದಿಯೇ ಹೇಳಿತ್ತು.

ಕೊರತೆಗಳೂ ಇವೆ. ವರದಿ ಪೂರ್ತಿ ಇಂಗ್ಲಿಷಿನಲ್ಲಿದ್ದು, ಕಾಲು ಕಳೆದುಕೊಳ್ಳುವ ಭಯದಲ್ಲಿ ತಿಂಗಳುಗಟ್ಟಲೆ ಮಲಗಿದ್ದ ಮನುಷ್ಯನಿಗೆ ತನ್ನ ಬಗ್ಗೆ ಏನು ಬರೆದಿದೆ ಎಂಬುದೇ ತಿಳಿಯಲಿಲ್ಲ. ಕನ್ನಡದಲ್ಲಿ ಎರಡು ಪುಟದ ಸಾರಾಂಶವನ್ನಾದರೂ ಕೊಡಬೇಕು. ಶುಲ್ಕವು ಕೂಲಿ ಮಾಡುವ ಕುಟುಂಬಕ್ಕೆ ನಿಜಕ್ಕೂ ಭಾರ. ಗಾಯ ಸಣ್ಣದಿದ್ದು ತಪ್ಪು ಯಾರದೆಂಬ ವಿವಾದವಿಲ್ಲದ ಪ್ರಕರಣಗಳಿಗೆ ಈ ಖರ್ಚು ಬೇಡ.

ಹೋಗುವುದಿದ್ದರೆ ಬೇಗ ಹೋಗಬೇಕು. ಪರಿಹಾರದ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಮಿತಿಯನ್ನು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ತಂದಿದೆ; ಆದರೆ ರಸ್ತೆಯ ಮೇಲಿನ ಗುರುತು ಕೆಲವೇ ದಿನಗಳಲ್ಲಿ ಮಾಸಿಹೋಗುತ್ತದೆ. ಪೊಲೀಸರು ವಾಹನವನ್ನು ಬಿಟ್ಟುಕೊಟ್ಟ ಕೂಡಲೇ ಗ್ಯಾರೇಜಿಗೆ ಒಯ್ಯಬೇಡಿ, ಒಡೆದ ಬಲ್ಬನ್ನು ಬಿಚ್ಚಿಸಬೇಡಿ. ಎಕ್ಸ್‌ರೇಗಳ ಮೂಲ ಪ್ರತಿ, ಗಾಯದ ಪ್ರಮಾಣಪತ್ರ ಮತ್ತು ಮಹಜರಿನ ನಕಲನ್ನು ಜೊತೆಗಿಟ್ಟುಕೊಂಡು ಹೋಗಿ. ಪಾಟಿಸವಾಲಿಗೆ ನ್ಯಾಯಮಂಡಳಿಗೆ ಬರುತ್ತಾರೆಯೇ, ಅದಕ್ಕೆ ಪ್ರತ್ಯೇಕ ಶುಲ್ಕ ಎಷ್ಟು ಎಂಬುದನ್ನು ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ.