ಬ್ಯಾಂಕಿನ ಇ-ಹರಾಜಿನಲ್ಲಿ ಮನೆ ಕೂಗುವ ಮುನ್ನ ಹದಿನೈದು ದಿನದ ಲೆಕ್ಕ ಹಾಕಿಕೊಳ್ಳಿ

ಮೊನ್ನೆ ಸೋಮವಾರ ತುಮಕೂರಿನ ನನ್ನ ಜೆರಾಕ್ಸ್ ಅಂಗಡಿಗೆ ಎಳೆಯ ವಯಸ್ಸಿನ ಗಂಡ ಹೆಂಡತಿ ಬಂದರು. ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಜೊತೆಗೆ ಪತ್ರಿಕೆಯಿಂದ ಕತ್ತರಿಸಿದ ಒಂದು ಹರಾಜು ಪ್ರಕಟಣೆಯನ್ನೂ ಪ್ರತಿ ಮಾಡಲು ಕೊಟ್ಟರು. ಕುಣಿಗಲ್ ರಸ್ತೆಯ ಕಡೆಯ ಒಂದು ಮನೆ. "ಬಾಕಿ ಹಣಕ್ಕೆ ಏನು ಮಾಡುತ್ತೀರಪ್ಪಾ?" ಎಂದು ಕೇಳಿದೆ. "ಸಾಲಕ್ಕೆ ಮಾತನಾಡಿದ್ದೇವೆ ಅಣ್ಣಾ, ಆಗುತ್ತದೆ ಎಂದಿದ್ದಾರೆ" ಎಂದ ಹುಡುಗ. ಕೆಲಸ ನಿಲ್ಲಿಸಿ ಇಬ್ಬರನ್ನೂ ಕೂರಿಸಿಕೊಂಡು ಮುಕ್ಕಾಲು ಗಂಟೆ ಮಾತನಾಡಿದೆ. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. "ಆಗುತ್ತದೆ ಎಂದಿದ್ದಾರೆ" ಎಂಬ ಇದೇ ಮಾತನ್ನು ನಂಬಿ ನಾನು 8,62,500 ರೂಪಾಯಿ ಕಳೆದುಕೊಂಡಿದ್ದೇನೆ.

ನನಗೆ ಆನ್‌ಲೈನ್ ಹರಾಜು ಹೊಸದಾಗಿರಲಿಲ್ಲ. ಹಳೆಯ ಅಂಚೆಚೀಟಿಗಳಿಗಾಗಿ ಹಿಂದೆ ಈಬೇಯಲ್ಲಿ ಎಷ್ಟೋ ಸಲ ಕೂಗಿದ್ದೇನೆ. ಅಲ್ಲಿ ಗೆದ್ದವರು ನಾಲ್ಕು ದಿನದೊಳಗೆ ಹಣ ಕೊಡದಿದ್ದರೆ ಮಾರಾಟಗಾರರು ವ್ಯವಹಾರ ರದ್ದು ಮಾಡಬಹುದು. ಖಾತೆಗೆ ಒಂದು ಕಪ್ಪು ಚುಕ್ಕೆ ಬೀಳುತ್ತದೆ, ಜೇಬಿಗೆ ಏನೂ ಆಗುವುದಿಲ್ಲ. ಎರಡು ದಿನ ತಾಳಿ ಎಂದರೆ ತಾಳುವ ಮಾರಾಟಗಾರರೂ ಇದ್ದರು. ಗಡುವು ಎಂದರೆ ಎಲ್ಲೆಡೆ ಹೀಗೇ ಇರುತ್ತದೆ ಎಂಬ ತಪ್ಪು ಕಲ್ಪನೆ ನನ್ನ ತಲೆಯಲ್ಲಿ ಕೂತದ್ದು ಅಲ್ಲಿಂದಲೇ ಇರಬೇಕು.

ಬ್ಯಾಂಕು ಸಾಲ ತೀರಿಸದವರ ಆಸ್ತಿಯನ್ನು ಸರ್ಫೇಸಿ ಕಾಯ್ದೆಯಡಿ ಹರಾಜು ಹಾಕುವಾಗ ಗಡುವು ಕಾನೂನಿನಲ್ಲೇ ಬರೆದಿರುತ್ತದೆ. ನಾನು ಕೂಗಿದ ಮನೆಯ ಕನಿಷ್ಠ ಬೆಲೆ 32 ಲಕ್ಷ. ಅದರ ಶೇ. 10, ಅಂದರೆ 3.20 ಲಕ್ಷವನ್ನು ಇಎಂಡಿ (ಮುಂಗಡ ಠೇವಣಿ) ಎಂದು ಮೊದಲೇ ಕಟ್ಟಬೇಕಿತ್ತು, ಕಟ್ಟಿದೆ. ಹರಾಜು ಗುರುವಾರ ನಡೆದು 34.50 ಲಕ್ಷಕ್ಕೆ ನನ್ನ ಹೆಸರಿನಲ್ಲಿ ನಿಂತಿತು. ಮನೆಯಲ್ಲಿ ಪಾಯಸ ಮಾಡಿದರು. ಬಾಡಿಗೆ ಮನೆಯಲ್ಲಿ ಹದಿನಾಲ್ಕು ವರ್ಷ ಕಳೆದವರಿಗೆ ಆ ರಾತ್ರಿ ಹೇಗಿತ್ತೆಂದು ನಾನು ವಿವರಿಸಬೇಕಾಗಿಲ್ಲ.

ಒಟ್ಟು ಬೆಲೆಯ ಶೇ. 25ನ್ನು ಅದೇ ದಿನ, ತಪ್ಪಿದರೆ ಅದರ ಮುಂದಿನ ಕೆಲಸದ ದಿನದೊಳಗೆ ಕಟ್ಟಬೇಕು. ಇಎಂಡಿ ಕಳೆದು ನನ್ನ ಪಾಲಿಗೆ 5,42,500 ರೂಪಾಯಿ ಉಳಿಯಿತು. ಯುಪಿಐನಲ್ಲಿ ಸಾಮಾನ್ಯವಾಗಿ ದಿನಕ್ಕೆ ಒಂದು ಲಕ್ಷದ ಮಿತಿ. ನೆಟ್ ಬ್ಯಾಂಕಿಂಗ್‌ನಲ್ಲಿ ಹೊಸ ಖಾತೆ ಸೇರಿಸಿದರೆ ನನ್ನ ಬ್ಯಾಂಕು ಮೊದಲ 24 ಗಂಟೆ ದೊಡ್ಡ ಮೊತ್ತ ಬಿಡುವುದಿಲ್ಲ. ಶುಕ್ರವಾರ ಬೆಳಿಗ್ಗೆ ಹೆಂಡತಿಯ ಒಡವೆ ಅಡವಿಟ್ಟು, ಚೀಟಿಯ ಹಣ ಸೇರಿಸಿ, ಶಾಖೆಯಲ್ಲಿ ಸಾಲಿನಲ್ಲಿ ನಿಂತು ಆರ್‌ಟಿಜಿಎಸ್ ಮಾಡಿಸುವಷ್ಟರಲ್ಲಿ ಮಧ್ಯಾಹ್ನ ಮೂರೂವರೆ. ಆ ಗಡುವನ್ನು ಹೇಗೋ ದಾಟಿದೆ. ದಾಟಿದ್ದಕ್ಕೆ ಬಂದ ಧೈರ್ಯವೇ ಮುಂದೆ ನನ್ನನ್ನು ಕೆಡಿಸಿತು.

ಉಳಿದ ಶೇ. 75ಕ್ಕೆ, ಅಂದರೆ 25,87,500 ರೂಪಾಯಿಗೆ, ಮಾರಾಟ ಖಚಿತವಾದ ದಿನದಿಂದ ಹದಿನೈದನೆಯ ದಿನವೇ ಕೊನೆ. ಸೋಮವಾರ ದಿನಾಂಕ ಹಾಕಿದ ಖಚಿತಪತ್ರ ಅಂದೇ ಇ-ಮೇಲ್‌ಗೆ ಬಂದಿತ್ತು, ನಾನು ನೋಡಿದ್ದು ಬುಧವಾರ. ಎರಡು ದಿನ ಅಲ್ಲೇ ಹೋದವು. ಹದಿನೈದು ಎಂದರೆ ಕೆಲಸದ ದಿನಗಳಲ್ಲ, ಕ್ಯಾಲೆಂಡರಿನ ದಿನಗಳು. ನನ್ನ ಹದಿನೈದರಲ್ಲಿ ಎರಡು ಭಾನುವಾರ, ಒಂದು ಎರಡನೇ ಶನಿವಾರ, ಆಯುಧಪೂಜೆ, ವಿಜಯದಶಮಿ ಇದ್ದವು. ಬ್ಯಾಂಕು ಬಾಗಿಲು ತೆರೆದ ದಿನಗಳು ಹತ್ತೇ.

ನನ್ನ ಬಳಿ ಬೇರೊಂದು ಬ್ಯಾಂಕಿನ 22 ಲಕ್ಷದ ತಾತ್ವಿಕ ಮಂಜೂರಾತಿ ಪತ್ರವಿತ್ತು. ಮಿಕ್ಕ ಸುಮಾರು ನಾಲ್ಕು ಲಕ್ಷವನ್ನು ಗುಬ್ಬಿಯ ಭಾವ ಕೊಬ್ಬರಿ ಮಾರಿ ಕೊಡಲು ಒಪ್ಪಿದ್ದರು, ಹೇಳಿದ ದಿನಕ್ಕೆ ಕೊಟ್ಟರೂ ಕೂಡ. ಪೆಟ್ಟು ಬಿದ್ದದ್ದು ಸಾಲದಲ್ಲಿ. ತಾತ್ವಿಕ ಮಂಜೂರಾತಿ ಎಂದರೆ ನನ್ನ ಆದಾಯ ನೋಡಿ ಕೊಟ್ಟ ಮಾತು ಅಷ್ಟೇ. ಆಸ್ತಿಯ ಪರಿಶೀಲನೆ ಆಗ ಇನ್ನೂ ಶುರುವೇ ಆಗಿರುವುದಿಲ್ಲ. ಸಾಲ ಕೊಡುವ ಬ್ಯಾಂಕು ನೇಮಿಸಿಕೊಂಡ ಪ್ಯಾನಲ್ ವಕೀಲರು ಹಿಂದಿನ ಕ್ರಯಪತ್ರಗಳೆಲ್ಲ ಬೇಕು, ಮೂವತ್ತು ವರ್ಷದ ಋಣಭಾರ ಪ್ರಮಾಣಪತ್ರ ಬೇಕು ಎಂದರು. ಮೂಲಪತ್ರಗಳು ಹರಾಜು ಹಾಕಿದ ಬ್ಯಾಂಕಿನಲ್ಲಿ. ಪೂರ್ತಿ ಹಣ ಬಂದ ಮೇಲಷ್ಟೇ ಮೂಲ, ಅಲ್ಲಿಯವರೆಗೆ ಜೆರಾಕ್ಸ್ ಎಂದು ಅವರು. ಮೌಲ್ಯಮಾಪಕರು ಮನೆ ನೋಡಲು ಹೋದರೆ ಹಳೆಯ ಮಾಲೀಕರ ಸಂಸಾರ ಇನ್ನೂ ಅಲ್ಲೇ ವಾಸವಿತ್ತು, ಒಳಗೆ ಬಿಡಲಿಲ್ಲ. ಪ್ರಕಟಣೆಯಲ್ಲಿ "ಸಾಂಕೇತಿಕ ಸ್ವಾಧೀನ" ಎಂದು ಅಚ್ಚಾಗಿತ್ತು. ಬ್ಯಾಂಕಿನ ಕೈಯಲ್ಲಿರುವುದು ಬೀಗದ ಕೈಯಲ್ಲ, ಕಾಗದ ಮಾತ್ರ ಎಂದು ಅದರ ಅರ್ಥ. ಆ ಎರಡು ಪದಗಳನ್ನು ಓದಿಯೂ ನಾನು ಮುಂದೆ ಸಾಗಿದ್ದೆ.

ಹನ್ನೊಂದನೆಯ ದಿನ, ಶುಕ್ರವಾರ, ಹರಾಜು ಹಾಕಿದ ಬ್ಯಾಂಕಿಗೆ ಹೋಗಿ ಅಧಿಕಾರಿಯನ್ನು ಕಂಡೆ. "ಸರ್, ಒಂದು ವಾರ ಹೆಚ್ಚು ಬೇಕಾಗಬಹುದು" ಎಂದೆ. "ನೋಡೋಣ, ಸಾಲ ಬರುತ್ತಿದೆ ಎಂದರೆ ತೊಂದರೆಯೇನಿಲ್ಲ" ಎಂದರು. ನಾನು ನೆಮ್ಮದಿಯಿಂದ ಮನೆಗೆ ಬಂದೆ. ಈ ಒಂದು ಗಳಿಗೆಯನ್ನು ಮತ್ತೆ ಮತ್ತೆ ನೆನೆಯುತ್ತೇನೆ. ಅಲ್ಲೇ ಕುಳಿತು ಒಂದು ಅರ್ಜಿ ಬರೆದು, ಕಾಲಾವಕಾಶ ಕೊಟ್ಟಿದ್ದೇವೆ ಎಂಬ ಪತ್ರ ಕೊಡಿ ಎಂದು ಕೇಳಬೇಕಿತ್ತು. ಸರ್ಫೇಸಿ ಕಾಯ್ದೆಯಡಿಯ 2002ರ ನಿಯಮಗಳಲ್ಲಿ 9ನೆಯದು ಕಾಲಾವಕಾಶಕ್ಕೆ ದಾರಿ ಇಟ್ಟಿದೆ. ಆದರೆ ಕೊಂಡವರೂ ಬ್ಯಾಂಕೂ ಲಿಖಿತವಾಗಿ ಒಪ್ಪಿರಬೇಕು, ಅದೂ ಮೂರು ತಿಂಗಳು ಮೀರುವಂತಿಲ್ಲ. ಬಾಯಿಮಾತಿಗೆ ಅಲ್ಲಿ ಜಾಗವೇ ಇಲ್ಲ. ಅಧಿಕಾರಿಗೆ ಇದು ಗೊತ್ತಿರಲಿಲ್ಲ ಎಂದು ನಾನು ನಂಬುವುದಿಲ್ಲ. ಆಗುವುದಿಲ್ಲ ಎಂದು ಅಂದೇ ಹೇಳಿದ್ದರೆ ಕೈಸಾಲಕ್ಕಾದರೂ ಓಡಾಡುತ್ತಿದ್ದೆ.

ಹದಿನೈದನೆಯ ದಿನ ಮಂಗಳವಾರ. ಗುರುವಾರ ಇ-ಮೇಲ್ ಬಂತು: ಮಾರಾಟ ರದ್ದು, ಕಟ್ಟಿದ ಶೇ. 25 ಮುಟ್ಟುಗೋಲು. ಶುಕ್ರವಾರ ಸಾಲದ ಬ್ಯಾಂಕಿನವರು ಫೋನ್ ಮಾಡಿ, "ನಿಮ್ಮ ಸಾಲ ಮಂಜೂರಾಗಿದೆ, ಸಹಿ ಹಾಕಲು ಬನ್ನಿ" ಎಂದರು. ಫೋನ್ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ಒಡವೆಯ ಸಾಲಕ್ಕೆ ಈಗಲೂ ಬಡ್ಡಿ ಕಟ್ಟುತ್ತಿದ್ದೇವೆ. ಹೆಂಡತಿ ಒಂದು ದಿನವೂ ಒಂದು ಮಾತು ಆಡಿಲ್ಲ.

ವಕೀಲರನ್ನು ಕಂಡೆವು. ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿಗೆ 45 ದಿನದೊಳಗೆ ಅರ್ಜಿ ಹಾಕಬಹುದು ಎಂದರು. ಆದರೆ ಜೊತೆಯಲ್ಲೇ 2024ರ ಫೆಬ್ರವರಿ 2ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನೂ ತೋರಿಸಿದರು. 12.27 ಕೋಟಿಗೆ ಆಸ್ತಿ ಕೂಗಿ, ಬಾಕಿ ಕಟ್ಟಲಾಗದವರು ಮೊದಲು ಕಟ್ಟಿದ್ದ ಸುಮಾರು 3.06 ಕೋಟಿಯನ್ನು ಬ್ಯಾಂಕು ಪೂರ್ತಿ ಮುಟ್ಟುಗೋಲು ಹಾಕಿಕೊಂಡದ್ದು ಸರಿ ಎಂದು ಆ ತೀರ್ಪು ಹೇಳುತ್ತದೆ. ಕೆಳಗಿನ ಹಂತಗಳಲ್ಲಿ ಬಹುಪಾಲು ಹಣ ವಾಪಸು ಕೊಡಿ ಎಂದು ಆದೇಶವಾಗಿತ್ತು, ಅದೂ ನಿಲ್ಲಲಿಲ್ಲ. ಆಸ್ತಿ ಮುಂದೆ ಹೆಚ್ಚಿನ ಬೆಲೆಗೆ ಮಾರಾಟವಾದರೂ ತಪ್ಪಿದವರಿಗೆ ಅದರಲ್ಲಿ ಚಿಕ್ಕಾಸಿನ ಹಕ್ಕಿಲ್ಲ ಎಂದು ನಿಯಮದಲ್ಲೇ ಇದೆ. ನಾನು ಅರ್ಜಿ ಹಾಕಲಿಲ್ಲ.

ಹಾಗಾದರೆ ಇ-ಹರಾಜಿಗೆ ಹೋಗಲೇಬಾರದೇ? ಹಾಗೆ ನಾನು ಹೇಳುವುದಿಲ್ಲ. ಪೂರ್ತಿ ಹಣ ಖಾತೆಯಲ್ಲಿದ್ದವರು ಒಳ್ಳೆಯ ಬೆಲೆಗೆ ಮನೆ ಪಡೆದದ್ದನ್ನು ನೋಡಿದ್ದೇನೆ. ಸಾಲ ನಂಬಿ ಹೋಗುವವರು ಇಎಂಡಿ ಕಟ್ಟುವ ಮೊದಲೇ, ಅದೇ ಆಸ್ತಿಯ ಜೆರಾಕ್ಸ್ ಪ್ರತಿಗಳನ್ನು ಕೇಳಿ ಪಡೆದು, ನಿಮ್ಮ ಬ್ಯಾಂಕಿನ ವಕೀಲರಿಂದಲೂ ಮೌಲ್ಯಮಾಪಕರಿಂದಲೂ ಪರಿಶೀಲನೆ ಮುಗಿಸಿಕೊಳ್ಳಿ. ಹರಾಜು ನಿಮ್ಮ ಹೆಸರಿಗೆ ನಿಲ್ಲದಿದ್ದರೆ ಅದರ ಶುಲ್ಕ ದಂಡವಾಗುತ್ತದೆ, ಆಗಲಿ, ಅದು ಸಾವಿರಗಳ ಲೆಕ್ಕ. ಇ-ಮೇಲನ್ನು ಬೆಳಿಗ್ಗೆ ಸಂಜೆ ನೋಡಿ. ತಡವಾಗುವ ಸುಳಿವು ಸಿಕ್ಕ ದಿನವೇ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮೊಹರು ಹಾಕಿಸಿಕೊಳ್ಳಿ. ಮೊಹರು ಎಂದರೆ ಅರ್ಜಿ ತಲುಪಿದೆ ಎಂದಷ್ಟೇ. ಒಪ್ಪಿಗೆಯ ಪತ್ರ ಬೇರೆಯೇ ಬರಬೇಕು, ಅದು ಕೈಗೆ ಬರುವವರೆಗೆ ಕಾಲಾವಕಾಶ ಸಿಕ್ಕಿತೆಂದು ತಿಳಿಯಬೇಡಿ.

ಮೊನ್ನೆ ಬಂದ ಹುಡುಗ ಹುಡುಗಿ ಇನ್ನೂ ತೀರ್ಮಾನ ಮಾಡಿಲ್ಲ. ಇಎಂಡಿ ಕಟ್ಟಲು ಅವರಿಗೆ ಇನ್ನೂ ಆರು ದಿನವಿದೆ. ತುಮಕೂರಿನ ಸುತ್ತಮುತ್ತ ಬೇರೆ ಯಾರಾದರೂ ಇಂಥ ಪ್ರಕಟಣೆ ಹಿಡಿದು ಯೋಚಿಸುತ್ತಿದ್ದರೆ, ಹರಾಜಿನ ಷರತ್ತುಗಳ ಪೂರ್ತಿ ಪ್ರತಿಯೊಂದಿಗೆ ಅಂಗಡಿಗೆ ಬನ್ನಿ. ಸಂಜೆ ಏಳರ ಮೇಲೆ ಜನ ಕಡಿಮೆ, ಕುಳಿತು ಸಾಲು ಸಾಲಾಗಿ ಓದೋಣ.