ಆಯಿಲ್ ಮುಚ್ಚಳದಲ್ಲಿ ಬಿಳಿ ಕೆನೆ ಕಂಡ ಮಾತ್ರಕ್ಕೆ ಎಂಜಿನ್ ಬಿಚ್ಚಲು ಬಿಡಬೇಡಿ

ಮುಂಬಯಿ, ಠಾಣೆ, ಡೊಂಬಿವಲಿ ಕಡೆ ಕಾರು ಇಟ್ಟುಕೊಂಡಿರುವವರು ದಯವಿಟ್ಟು ಇದನ್ನು ಓದಿ. ಎಂಜಿನ್ ಆಯಿಲ್ ಹಾಕುವ ಮುಚ್ಚಳದ ಒಳಬದಿಯಲ್ಲಿ ಬಿಳಿ ಕೆನೆಯಂಥದ್ದು ಅಂಟಿಕೊಂಡಿದೆ ಎಂಬ ಒಂದೇ ಕಾರಣಕ್ಕೆ ಡೊಂಬಿವಲಿಯ ಗ್ಯಾರೇಜೊಂದು ನನ್ನ ಅಕ್ಕನಿಂದ ₹34,000 ವಸೂಲು ಮಾಡಿತು. ಹೆಡ್ ಗ್ಯಾಸ್ಕೆಟ್ (ಎಂಜಿನ್ನಿನ ಮೇಲ್ಭಾಗವಾದ ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವಿನ ಸೀಲು) ಹೋಗಿದೆ, ಹೀಗೇ ಓಡಿಸಿದರೆ ಎಂಜಿನ್ ಸೀಜ್ ಆಗಿ ಜಾಮ್ ಆಗುತ್ತದೆ ಎಂದು ಹೆದರಿಸಿ, ಹೆಡ್ ಇಳಿಸಿ, ಗ್ಯಾಸ್ಕೆಟ್ ಬದಲಿಸಿ ಕೊಟ್ಟರು. ಮಳೆಗಾಲ ಮುಗಿಯುವ ಮೊದಲೇ ಅದೇ ಮುಚ್ಚಳದಲ್ಲಿ ಅದೇ ಕೆನೆ ಮತ್ತೆ ಕಾಣಿಸಿಕೊಂಡಿತು. ಅಕ್ಕ ಕೇಳಲು ಹೋದಾಗ ಬಂದ ಉತ್ತರ: "ಮೇಡಂ, ಇದು ಮಳೆಗಾಲದ ತೇವ, ಏನೂ ಆಗುವುದಿಲ್ಲ."

ಈ ಮಾತನ್ನು ಹಣ ತೆಗೆದುಕೊಳ್ಳುವ ಮೊದಲೇ ಹೇಳಬಹುದಿತ್ತಲ್ಲ? ನನ್ನ ಸಿಟ್ಟು ಇನ್ನೂ ಇಳಿದಿಲ್ಲ.

ಅಕ್ಕನ ಕಾರಿನ ದಿನಚರಿಯನ್ನು ಕೇಳಿದ್ದರೆ ಯಾವ ಮೆಕ್ಯಾನಿಕ್‌ಗಾದರೂ ವಿಷಯ ತಿಳಿಯುತ್ತಿತ್ತು. ಬೆಳಿಗ್ಗೆ ಭಾವನನ್ನು ಲೋಕಲ್‌ ಹಿಡಿಯಲು ಸ್ಟೇಷನ್ನಿಗೆ ಬಿಡುವುದು, ಮಗಳನ್ನು ಶಾಲೆಗೆ ಬಿಡುವುದು, ಸಂಜೆ ಮತ್ತೆ ಸ್ಟೇಷನ್. ಎಲ್ಲವೂ ಒಂದೆರಡು ಕಿಲೋಮೀಟರ್ ಒಳಗೆ. ಪೆಟ್ರೋಲ್ ಉರಿದಾಗ ನೀರು ಹುಟ್ಟುತ್ತದೆ. ಒಂದು ಲೀಟರ್ ಪೆಟ್ರೋಲ್‌ಗೆ ಹೆಚ್ಚುಕಡಿಮೆ ಒಂದು ಲೀಟರ್ ನೀರು, ಆವಿಯ ರೂಪದಲ್ಲಿ. ಬಹುಪಾಲು ಸೈಲೆನ್ಸರಿನಿಂದ ಹೊರಹೋಗುತ್ತದೆ, ಸ್ವಲ್ಪ ಪಿಸ್ಟನ್ ರಿಂಗುಗಳನ್ನು ದಾಟಿ ಆಯಿಲ್ ಇರುವ ಭಾಗಕ್ಕೆ ಇಳಿಯುತ್ತದೆ. ಮೀಟರಿನ ಮುಳ್ಳು ನಡುವಿಗೆ ಬಂದರೆ ಕೂಲಂಟ್, ಅಂದರೆ ಎಂಜಿನ್ ತಂಪು ಮಾಡುವ ದ್ರವ, ಬಿಸಿಯಾಗಿದೆ ಎಂದಷ್ಟೇ ಅರ್ಥ, ಆಯಿಲ್ ಬಿಸಿಯಾಗಲು ಇನ್ನೂ ಹೊತ್ತು ಬೇಕು. ಅಷ್ಟರಲ್ಲಿ ಎಂಜಿನ್ ಆರಿಸಿದರೆ ಆ ಆವಿ ಎಲ್ಲಕ್ಕಿಂತ ಮೇಲಿರುವ, ಬೇಗ ತಣ್ಣಗಾಗುವ ಮುಚ್ಚಳಕ್ಕೆ ತಾಗಿ ಹನಿಯಾಗುತ್ತದೆ. ಮಜ್ಜಿಗೆ ಕಡೆದಂತೆ ನೀರೂ ಎಣ್ಣೆಯೂ ಬೆರೆತು ಕೆನೆಯಾಗುತ್ತವೆ. ಜುಲೈ ತಿಂಗಳ ಕರಾವಳಿಯ ತೇವದಲ್ಲಿ ಇದು ಇನ್ನಷ್ಟು. ಆವಿಯನ್ನು ಎಳೆದುಕೊಳ್ಳಬೇಕಾದ ಪಿಸಿವಿ ವಾಲ್ವ್ ಕಟ್ಟಿಕೊಂಡಿದ್ದರೂ ಹೀಗಾಗುತ್ತದೆ.

ಹಾಗೆಂದು ಕೆನೆ ಕಂಡಾಗಲೆಲ್ಲ ತೇವವೇ ಎಂದು ಸುಮ್ಮನಿರುವುದೂ ಅಪಾಯ. ಹೆಡ್ ಗ್ಯಾಸ್ಕೆಟ್ ನಿಜವಾಗಿ ಹೋಗಿದ್ದರೆ ಕೂಲಂಟ್ ಆಯಿಲ್‌ಗೆ ಸೇರಬಹುದು, ಬೇರಿಂಗುಗಳು ಸವೆದು ಎಂಜಿನ್ ಹಾಳಾಗಬಹುದು. ಎರಡನ್ನೂ ಬೇರ್ಪಡಿಸಿ ನೋಡುವುದು ಕಷ್ಟವಲ್ಲ, ಆ ಗ್ಯಾರೇಜಿನವರು ನೋಡಲಿಲ್ಲ ಅಷ್ಟೇ. ಮೊದಲು ಆಯಿಲ್ ಮಟ್ಟ ನೋಡುವ ಕಡ್ಡಿಯನ್ನು, ಅಂದರೆ ಡಿಪ್‌ಸ್ಟಿಕ್, ಎಳೆಯಿರಿ. ಮೇಲ್ಭಾಗದಲ್ಲಿ ಚೂರು ಬಿಳಿ ಇದ್ದರೆ ಗಾಬರಿ ಬೇಡ; ಕೆಳತುದಿಯ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಅಥವಾ ಹಾಕದೆಯೇ ಆಯಿಲ್ ಮಟ್ಟ ಏರಿದ್ದರೆ ಕಾರನ್ನು ಓಡಿಸಬೇಡಿ. ಆಮೇಲೆ ಕೂಲಂಟ್ ಡಬ್ಬಿಯ ಮೇಲೆ ಗುರುತು ಹಾಕಿ, ದಿನವೂ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ನೋಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮಾತ್ರ ಎಂದಿಗೂ ತೆರೆಯಬೇಡಿ. ಮಟ್ಟ ಇಳಿಯುತ್ತಿದೆಯೇ, ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದೆಯೇ, ಕೂಲಂಟ್‌ನಲ್ಲಿ ಗುಳ್ಳೆಗಳು ಏಳುತ್ತಿವೆಯೇ? ಹಾಗಿದ್ದರೆ ಶಂಕೆಗೆ ಆಧಾರವಿದೆ. ಆಗಲೂ ಬಿಚ್ಚುವ ಮೊದಲು ಕೂಲಿಂಗ್ ವ್ಯವಸ್ಥೆಯ ಪ್ರೆಶರ್ ಟೆಸ್ಟ್ ಮಾಡಿಸಿ. ರೇಡಿಯೇಟರ್ ಬಾಯಿಗೆ ನೀಲಿ ದ್ರವದ ನಳಿಕೆಯನ್ನು ಇಟ್ಟು ನೋಡುವ ಪರೀಕ್ಷೆಯೂ ಇದೆ. ಉರಿದ ಅನಿಲ ಕೂಲಂಟ್‌ಗೆ ಸೇರುತ್ತಿದ್ದರೆ ಪೆಟ್ರೋಲ್ ಕಾರಿನಲ್ಲಿ ಆ ನೀಲಿ ಹಳದಿಗೆ ತಿರುಗುತ್ತದೆ.

ಅಕ್ಕನ ಕಾರಿನಲ್ಲಿ ಇವು ಯಾವುವೂ ಇರಲಿಲ್ಲ. ಕೂಲಂಟ್ ಒಂದು ಹನಿಯೂ ಇಳಿದಿರಲಿಲ್ಲ. ಎರಡನೆಯ ಬಾರಿ ಕೆನೆ ಬಂದಾಗ ಕಲ್ಯಾಣದ ಹಿರಿಯ ಮೆಕ್ಯಾನಿಕ್ ಒಬ್ಬರು ಮುಚ್ಚಳ ಒರೆಸಿ, ಪಿಸಿವಿ ವಾಲ್ವ್ ಸ್ವಚ್ಛ ಮಾಡಿ, "ನಾಸಿಕ್ ಹೆದ್ದಾರಿಯಲ್ಲಿ ಕಸಾರಾ ಘಾಟಿನವರೆಗೆ ಹೋಗಿ ಬನ್ನಿ" ಎಂದರು. ಭಾವ ಹೋಗಿ ಬಂದರು. ಮುಚ್ಚಳ ಒಣಗಿತ್ತು. ಆದರೆ ಬಿಚ್ಚಿ ಜೋಡಿಸಿದ ಎಂಜಿನ್ನಿನ ವಾಲ್ವ್ ಕವರಿನಿಂದ ಆಯಿಲ್ ಜಿನುಗುತ್ತಿರುವುದನ್ನು ಆ ಮೆಕ್ಯಾನಿಕ್ಕೇ ತೋರಿಸಿದರು. ಅದು ಹಿಂದೆ ಇರಲೇ ಇಲ್ಲ. ಹಳೆಯ ಗ್ಯಾಸ್ಕೆಟ್ ತೋರಿಸಿ ಎಂದರೆ ಮೊದಲ ಗ್ಯಾರೇಜಿನವರು ಎಸೆದುಬಿಟ್ಟೆವು ಎನ್ನುತ್ತಾರೆ. ನೀವು ಹೆಡ್ ಇಳಿಸಲು ಒಪ್ಪುವುದಾದರೆ ಹಳೆಯ ಭಾಗವನ್ನು ಹಿಂದಿರುಗಿಸಬೇಕೆಂದು ಜಾಬ್ ಕಾರ್ಡಿನಲ್ಲಿಯೇ (ಮಾಡುವ ಕೆಲಸವನ್ನು ಗ್ಯಾರೇಜು ಬರೆದುಕೊಳ್ಳುವ ಚೀಟಿ) ಬರೆಸಿ.

ಇನ್ನೊಂದು ಮಾತು, ಇದು ಬೇರೆಯೇ ಸಂಗತಿ. ಮುಂಬಯಿಯ ಹಿಂದಮಾತಾ ಅಥವಾ ಅಂಧೇರಿ ಸಬ್‌ವೇಯಂಥ, ಮಳೆನೀರು ನಿಲ್ಲುವ ಕಡೆ ಕಾರು ನೀರಿನಲ್ಲಿ ಮುಳುಗಿ ನಿಂತಿದ್ದರೆ ಮೇಲಿನ ಲೆಕ್ಕ ಅದಕ್ಕೆ ಅನ್ವಯಿಸುವುದಿಲ್ಲ. ಸಿಲಿಂಡರಿನೊಳಗೆ ನೀರು ಹೋಗಿದ್ದರೆ ಒಮ್ಮೆ ಸ್ಟಾರ್ಟ್ ಮಾಡಿದರೂ ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಬಹುದು. ಕೀಲಿ ತಿರುಗಿಸದೆ ಎಳೆಸಿಕೊಂಡು ಹೋಗಿ.