ತರಕಾರಿ: ತಳ್ಳುಗಾಡಿ, ಹಾಪ್‌ಕಾಮ್ಸ್, ಇಲ್ಲಾ ಆ್ಯಪ್?

ಮಲ್ಲೇಶ್ವರಕ್ಕೆ ಹೊಸದಾಗಿ ಬಂದು, ತರಕಾರಿಯನ್ನು ಬೀದಿಗೆ ಬರುವ ತಳ್ಳುಗಾಡಿಯಲ್ಲಿ ಕೊಳ್ಳುವುದೋ, ಹಾಪ್‌ಕಾಮ್ಸ್ ಮಳಿಗೆಯಲ್ಲೋ, ಇಲ್ಲಾ ಆ್ಯಪ್‌ನಲ್ಲಿ ತರಿಸುವುದೋ ಎಂದು ಕೇಳಿದ್ದೀರಿ. ಉತ್ತರ ನಿಮ್ಮ ದಿನಚರಿಯ ಮೇಲಿದೆ.

ಬೆಲೆ ನೋಡಿದರೆ, ಹಾಪ್‌ಕಾಮ್ಸ್‌ನಲ್ಲಿ ದರ ಬೋರ್ಡಿನ ಮೇಲೇ ಬರೆದಿರುತ್ತದೆ, ಚೌಕಾಸಿಯ ಗೊಡವೆಯಿಲ್ಲ. 1959ರಲ್ಲಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾದದ್ದು. ವಾರಕ್ಕಾಗುವಷ್ಟು ಒಟ್ಟಿಗೆ ತರುವವರಿಗೆ ಅದು ಸರಿ. ಆ್ಯಪ್‌ನಲ್ಲಿ ಸಣ್ಣ ಆರ್ಡರ್‌ಗೆ ಡೆಲಿವರಿ ಶುಲ್ಕವೇ ಜಾಸ್ತಿ ಅನ್ನಿಸಬಹುದು. ಆದರೆ ರಾತ್ರಿ ತಡವಾಗಿ ಮನೆ ಸೇರುವವರಿಗೆ ಬೇರೆ ದಾರಿ ಕಡಿಮೆ, ಅಲ್ವಾ?

ನನ್ನ ಒಲವು ತಳ್ಳುಗಾಡಿ ಕಡೆ. ಹುರುಳಿಕಾಯಿ ಮುರಿದು ನೋಡಬಹುದು. ಹುಳುಕು ಬದನೆಕಾಯಿ ಪಕ್ಕಕ್ಕಿಡಬಹುದು. ಕಾಲು ಕೆಜಿ ಸಾಕೆಂದರೂ ಮುಖ ಸಿಂಡರಿಸದೆ ತೂಗುತ್ತಾರೆ, ಮೇಲೊಂದು ಎಸಳು ಕರಿಬೇವು. ನಮ್ಮ ಬೀದಿಯ ಅಜ್ಜಿಯೊಬ್ಬರು ಮಹಡಿಯಿಂದ ಬುಟ್ಟಿ ಇಳಿಬಿಟ್ಟೇ ಕೊಳ್ಳುತ್ತಾರೆ. ಹಗಲು ಮನೆಯಲ್ಲಿ ಹಿರಿಯರಿದ್ದರೆ ಗಾಡಿಯೇ ವಾಸಿ. ಜೋರು ಮಳೆಯ ದಿನ ಬರದಿರಬಹುದು, ಈರುಳ್ಳಿ, ಆಲೂಗಡ್ಡೆ ಸ್ವಲ್ಪ ಹೆಚ್ಚಿಗೆ ಇಟ್ಟುಕೊಳ್ಳಿ.